ಸುತ್ತೋಲೆ ಒಂದು, ಮೇಲ್‌ಬಾಕ್ಸ್ ಮೂವತ್ತು ಸಾವಿರ

ಸುತ್ತೋಲೆ ಹೊರಡಿಸುವ ಕಚೇರಿಯ ಲೆಕ್ಕದಲ್ಲಿ ಅದು ಒಂದೇ ಮೇಲ್. ವಿಳಾಸದ ಜಾಗದಲ್ಲಿ ‘ಎಲ್ಲ ವಿದ್ಯಾರ್ಥಿಗಳು’ ಎಂಬ ಪಟ್ಟಿಯ ಹೆಸರು ಹಾಕಿ ಸೆಂಡ್ ಒತ್ತಿದರೆ ಅವರ ಕೆಲಸ ಮುಗಿಯಿತು. ಸರ್ವರ್ ನೋಡಿಕೊಳ್ಳುವವರ ಲೆಕ್ಕ ಶುರುವಾಗುವುದೇ ಆಗ. ಈ ಒಂದು ಮೇಲ್ ಯಾವ ಹಂತದಲ್ಲಿ ಮೂವತ್ತು ಸಾವಿರವಾಗುತ್ತದೆ? ಹೊರಡುವಾಗಲೇ ಆಗಿಬಿಟ್ಟರೆ ಕ್ಯೂ, ವೈರಸ್ ಸ್ಕ್ಯಾನರ್, ಡಿಸ್ಕ್ ಎಲ್ಲವೂ ಅದೇ ಪತ್ರಕ್ಕೆ ಮೂವತ್ತು ಸಾವಿರ ಸಲ ದುಡಿಯಬೇಕು. ಕಟ್ಟಕಡೆಯ ಹಂತದವರೆಗೂ ಒಂದಾಗಿಯೇ ಉಳಿದರೆ ಸಾಧಾರಣ ಯಂತ್ರವೂ ಬೆವರದೆ ಮುಗಿಸುತ್ತದೆ. ಒಂದು ವಿಶ್ವವಿದ್ಯಾಲಯದ ಮೇಲ್ ಸರ್ವರನ್ನು ವರ್ಷಗಟ್ಟಲೆ ನೋಡಿಕೊಂಡ ಮೇಲೆ ನನ್ನ ಬಳಿ ಉಳಿದಿರುವ ಪಾಠಗಳು ಬಹುಪಾಲು ಈ ಪ್ರಶ್ನೆಯ ಸುತ್ತಲೇ ಇವೆ.

ಇಲ್ಲಿ ಹೇಳುತ್ತಿರುವುದು ನಮ್ಮದೇ ಸರ್ವರಿನಲ್ಲಿರುವ ಮೇಲ್‌ಬಾಕ್ಸ್‌ಗಳಿಗೆ ಪತ್ರ ಮುಟ್ಟಿಸುವ ಬಗ್ಗೆ. ಹೊರಗಿನ ಲಕ್ಷಾಂತರ ಜನರಿಗೆ ಜಾಹೀರಾತು ಕಳಿಸುವುದು ಬೇರೆಯೇ ಕಸುಬು. ಉದಾಹರಣೆಗಳು ಹೆಚ್ಚಾಗಿ ಪೋಸ್ಟ್‌ಫಿಕ್ಸ್ ಮತ್ತು ಡವ್‌ಕಾಟ್‌ನವು. ನನ್ನ ಕೈ ಪಳಗಿರುವುದು ಅವುಗಳಲ್ಲಿ.

1. ಲಕೋಟೆ ಬೇರೆ, ಪತ್ರ ಬೇರೆ

ಎಸ್‌ಎಂಟಿಪಿಯ ನಿಯಮಗಳನ್ನು ಜಾನ್ ಪೋಸ್ಟೆಲ್ 1982ರಲ್ಲಿ ಆರ್‌ಎಫ್‌ಸಿ 821 ಎಂದು ಬರೆದಿಟ್ಟಾಗಲೇ ಈ ಸಮಸ್ಯೆಗೆ ಅರ್ಧ ಉತ್ತರ ಅದರಲ್ಲಿತ್ತು. ಕಳಿಸುವ ಯಂತ್ರ ಮೊದಲು ‘ಮೇಲ್ ಫ್ರಮ್’ ಎಂದು ಕಳಿಸುವವರ ವಿಳಾಸ ಹೇಳುತ್ತದೆ. ಆಮೇಲೆ ‘ಆರ್‌ಸಿಪಿಟಿ ಟು’ ಎಂದು ಪಡೆಯುವವರ ವಿಳಾಸಗಳನ್ನು ಒಂದಾದ ಮೇಲೊಂದರಂತೆ ಹೇಳುತ್ತಾ ಹೋಗುತ್ತದೆ. ಕೊನೆಗೆ ‘ಡೇಟಾ’ ಎಂದು ಪತ್ರದ ಒಡಲನ್ನು ಒಂದೇ ಸಲ ಒಪ್ಪಿಸುತ್ತದೆ. ಒಂದೇ ಯಂತ್ರದಲ್ಲಿ ಹಲವರಿಗೆ ಹೋಗಬೇಕಾದ ಪತ್ರವನ್ನು ಒಂದೇ ಪ್ರತಿಯಾಗಿ ಸಾಗಿಸಿ ಎಂದು ಆ ದಾಖಲೆಯೇ ಪ್ರೋತ್ಸಾಹಿಸುತ್ತದೆ. ಮೇಲಿನೊಳಗೆ ಕಾಣುವ ‘ಟು’ ಸಾಲಿಗೂ ಈ ಲಕೋಟೆಯ ವಿಳಾಸಗಳಿಗೂ ಸಂಬಂಧ ಇರಲೇಬೇಕೆಂದಿಲ್ಲ. ಟು ಸಾಲಿನಲ್ಲಿ ಪಟ್ಟಿಯ ಹೆಸರೊಂದೇ ಇರಲಿ, ಲಕೋಟೆಯ ಮೇಲೆ ಐನೂರು ಜನ ಇರಲಿ.

ಗೊತ್ತಿದ್ದೂ ಬಳಸದವರೇ ಹೆಚ್ಚು. ವಿಭಾಗದ ಯಾರೋ ಒಬ್ಬರು ಎಕ್ಸೆಲ್ ಹಾಳೆಯ ಮೇಲೆ ಲೂಪ್ ಓಡಿಸಿ ಪ್ರತಿ ಸಾಲಿಗೂ ಹೊಸ ಕನೆಕ್ಷನ್, ಹೊಸ ಲಾಗಿನ್, ಹೊಸ ಪತ್ರ ಎಂದು ಕಳಿಸುವ ಸ್ಕ್ರಿಪ್ಟ್ ಎಲ್ಲ ಸಂಸ್ಥೆಗಳಲ್ಲೂ ಇರುತ್ತದೆ. ಸರ್ವರಿನ ಒಂದು ಸೆಟ್ಟಿಂಗೂ ಮುಟ್ಟದೆ ಆ ಸ್ಕ್ರಿಪ್ಟನ್ನು ತಿದ್ದಿದರೆ ಸಿಗುವ ಲಾಭ, ಆಮೇಲೆ ಮಾಡುವ ಯಾವ ಟ್ಯೂನಿಂಗಿನಲ್ಲೂ ಸಿಗುವುದಿಲ್ಲ. ಒಂದು ಲಕೋಟೆಗೆ ಎಷ್ಟು ವಿಳಾಸ ಎಂಬುದಕ್ಕೆ ಮಿತಿಗಳಿವೆ: ಕನಿಷ್ಠ 100 ವಿಳಾಸವನ್ನಾದರೂ ಒಪ್ಪಲೇಬೇಕೆಂದು ಆರ್‌ಎಫ್‌ಸಿ 5321 ಹೇಳುತ್ತದೆ, ಪೋಸ್ಟ್‌ಫಿಕ್ಸ್ ತಾನಾಗಿ 1000ದವರೆಗೆ ಒಪ್ಪುತ್ತದೆ, ಪಟ್ಟಿ ತಂತ್ರಾಂಶವಾದ ಮೇಲ್‌ಮ್ಯಾನ್ ತನ್ನ ಪಟ್ಟಿಯನ್ನು 500ರ ಕಂತುಗಳಲ್ಲಿ ಕೊಡುತ್ತದೆ.

2. ‘ಪ್ರಿಯ ರಮೇಶ್’ ಎನ್ನುವ ಆಸೆ ದುಬಾರಿ

ಪ್ರತಿಯೊಬ್ಬರ ಹೆಸರು ಹಿಡಿದು ಕರೆದರೆ ಓದುತ್ತಾರೆ ಎಂದು ಯಾರೋ ತರಬೇತಿಯಲ್ಲಿ ಹೇಳಿರುತ್ತಾರೆ. ಹೆಸರು ಸೇರಿದ ಕ್ಷಣ ಒಂದು ಪತ್ರ ಮೂವತ್ತು ಸಾವಿರ ಬೇರೆ ಬೇರೆ ಪತ್ರಗಳಾಗುತ್ತದೆ. ಮುಂದಿನ ಯಾವ ಉಪಾಯವೂ ಅದಕ್ಕೆ ನಾಟುವುದಿಲ್ಲ. ಪ್ರವೇಶಪತ್ರ, ಅಂಕಪಟ್ಟಿ, ಶುಲ್ಕದ ಬಾಕಿ ಇವು ನಿಜಕ್ಕೂ ಒಬ್ಬೊಬ್ಬರದು, ಅವಕ್ಕೆ ಆ ಖರ್ಚು ಮಾಡಲೇಬೇಕು. ಗಣೇಶ ಚತುರ್ಥಿಯ ರಜೆ ತಿಳಿಸಲು ಹೆಸರು ಯಾಕೆ? ಯಾರಿಗೆ ತಲುಪಲಿಲ್ಲ ಎಂದು ಹಿಡಿಯಲು ಪ್ರತಿಯೊಬ್ಬರಿಗೂ ಬೇರೆ ಬೇರೆ ಹಿಂದಿರುಗುವ ವಿಳಾಸ ಕೊಡುವ ವರ್ಪ್ ಎಂಬ ವಿಧಾನವೂ ಹೀಗೆಯೇ. ಹೊರಗಿನ ಪಟ್ಟಿಗಳಿಗೆ ಅದು ವರ. ಒಳಗಿನ ಮೇಲ್‌ಬಾಕ್ಸ್‌ಗಳಿಗೆ ಬೇಡ, ಯಾರದ್ದು ತುಂಬಿದೆ, ಯಾರದ್ದು ಮುಚ್ಚಿದೆ ಎಂದು ನಮ್ಮ ಲಾಗ್ ಹೇಗೂ ಹೇಳುತ್ತದೆ.

3. ಕೊನೆಯ ಮೆಟ್ಟಿಲಲ್ಲಿ ಎಲ್‌ಎಂಟಿಪಿ ಇರಲಿ

ಎಸ್‌ಎಂಟಿಪಿಯಲ್ಲಿ ಒಂದು ತೊಡಕಿದೆ. ಡೇಟಾ ಮುಗಿದ ಮೇಲೆ ಪಡೆಯುವ ಯಂತ್ರ ಕೊಡುವುದು ಒಂದೇ ಉತ್ತರ: ಒಪ್ಪಿದೆ, ಅಥವಾ ಇಲ್ಲ. ಲಕೋಟೆಯ ಮೇಲಿನ ಐವತ್ತು ಜನರಲ್ಲಿ ಒಬ್ಬರ ಮೇಲ್‌ಬಾಕ್ಸ್ ತುಂಬಿದ್ದರೆ ಏನು ಹೇಳಬೇಕು? ಒಪ್ಪಿದೆ ಎಂದರೆ ಆ ಒಬ್ಬರಿಗಾಗಿ ತಾನೇ ಒಂದು ಕ್ಯೂ ಇಟ್ಟುಕೊಳ್ಳಬೇಕು. ಇಲ್ಲ ಎಂದರೆ ನಲವತ್ತೊಂಬತ್ತು ಜನಕ್ಕೆ ಅನ್ಯಾಯ. ಅದಕ್ಕೇ 1996ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾನ್ ಮೈಯರ್ಸ್ ಎಲ್‌ಎಂಟಿಪಿಯನ್ನು ಆರ್‌ಎಫ್‌ಸಿ 2033 ಆಗಿ ಬರೆದರು. ನೋಡಲು ಎಸ್‌ಎಂಟಿಪಿಯೇ. ವ್ಯತ್ಯಾಸವಿರುವುದು ಪತ್ರವನ್ನು ಒಂದೇ ಸಲ ಪಡೆದು ಪ್ರತಿ ವಿಳಾಸಕ್ಕೂ ಬೇರೆ ಉತ್ತರ ಕೊಡುವುದರಲ್ಲಿ. ನಲವತ್ತೊಂಬತ್ತು ಮುಗಿದವು, ಒಂದು ಮಾತ್ರ ಕ್ಯೂನಲ್ಲಿ ಉಳಿಯಿತು, ಅಷ್ಟೆ. ಸಂಸ್ಥೆಯ ಒಳಗಿನ ರಾಶಿ ಮೇಲಿಗೆ ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಗೊತ್ತಿಲ್ಲ.

ಆದರೂ ಅನೇಕ ಕಡೆ ಹಳೆಯ ಪದ್ಧತಿಯೇ ಮುಂದುವರಿದಿದೆ. ಪೋಸ್ಟ್‌ಫಿಕ್ಸ್‌ನ ಪೈಪ್ ಮೂಲಕ ಪ್ರತಿ ಮೇಲ್‌ಬಾಕ್ಸಿಗೂ ಒಂದು ಪ್ರೊಸೆಸ್ ಹುಟ್ಟುತ್ತದೆ, ಕಾನ್ಫಿಗ್ ಓದುತ್ತದೆ, ಬಳಕೆದಾರ ಯಾರೆಂದು ಡೇಟಾಬೇಸಿಗೆ ಕೇಳುತ್ತದೆ, ಒಂದು ಫೈಲ್ ಬರೆದು ಸಾಯುತ್ತದೆ. ದಿನದ ಸಾಮಾನ್ಯ ಮೇಲಿಗೆ ಇದು ಗಮನಕ್ಕೇ ಬರುವುದಿಲ್ಲ. ಸುತ್ತೋಲೆಯ ದಿನ ಮೂವತ್ತು ಸಾವಿರ ಹುಟ್ಟು ಸಾವುಗಳ ಸದ್ದು ಫ್ಯಾನಿನಲ್ಲೇ ಕೇಳುತ್ತದೆ.

ಎಲ್‌ಎಂಟಿಪಿಗೆ ಬದಲಾಯಿಸಿದ ಮೇಲೂ ಒಂದು ಸಂಖ್ಯೆಯನ್ನು ನೋಡಲೇಬೇಕು. ಒಂದು ಲಕೋಟೆಯಲ್ಲಿ ಎಷ್ಟು ಜನರನ್ನು ಒಟ್ಟಿಗೆ ಒಯ್ಯಬೇಕು ಎಂಬ ‘ಡೆಸ್ಟಿನೇಷನ್ ರೆಸಿಪಿಯೆಂಟ್ ಲಿಮಿಟ್’ ಎಲ್‌ಎಂಟಿಪಿಗೆ ತಾನಾಗಿ 50 ಇರುತ್ತದೆ. ಲೋಕಲ್ ಮತ್ತು ವರ್ಚುವಲ್ ಡೆಲಿವರಿಗೆ ಅದು 1. ಯಾರೋ ಎಂದೋ ಪೈಪಿಗಾಗಿ 1 ಎಂದು ಬರೆದದ್ದು ಹೊಸ ಸಾರಿಗೆಗೂ ನಕಲಾಗಿ ಬಂದಿದ್ದರೆ ಎಲ್‌ಎಂಟಿಪಿ ಹಾಕಿಯೂ ಪ್ರಯೋಜನವಿಲ್ಲ. ಇನ್ನೊಂದು ಸೂಕ್ಷ್ಮ: ಆ ಸಂಖ್ಯೆ 1 ಆದಾಗ, ಏಕಕಾಲಕ್ಕೆ ಎಷ್ಟು ಕನೆಕ್ಷನ್ ಎಂಬ ಮಿತಿ ಇಡೀ ಸರ್ವರಿಗೆ ಬದಲು ಒಬ್ಬೊಬ್ಬ ಬಳಕೆದಾರರಿಗೆ ಅನ್ವಯಿಸತೊಡಗುತ್ತದೆ. ನೀವು ಇಪ್ಪತ್ತಕ್ಕೆ ಕಡಿವಾಣ ಹಾಕಿದ್ದೀರಿ ಎಂದುಕೊಂಡಿರುತ್ತೀರಿ, ಪೋಸ್ಟ್‌ಫಿಕ್ಸ್ ತನ್ನ ಪ್ರೊಸೆಸ್ ಮಿತಿಯಾದ ನೂರರವರೆಗೂ ಓಡುತ್ತದೆ.

ಹಾಗಾದರೆ 50ರ ಬದಲು 5000 ಮಾಡೋಣವೇ? ಬೇಡ. ಸರ್ವರ್ ಅಷ್ಟೂ ಜನರಿಗೆ ಬರೆದು ಉತ್ತರ ಕೊಡುವ ಮೊದಲೇ ಕನೆಕ್ಷನ್ ಹರಿದರೆ, ಕಳಿಸುವ ಕಡೆಗೆ ಯಾರಿಗೂ ಮುಟ್ಟಿಲ್ಲ ಎಂದೇ ಅರ್ಥ. ಮತ್ತೆ ಕಳಿಸುತ್ತದೆ, ಎಲ್ಲರಿಗೂ ಎರಡೆರಡು ಪ್ರತಿ. ಡೇಟಾ ಮುಗಿದ ಮೇಲೆ ಪೋಸ್ಟ್‌ಫಿಕ್ಸ್ ಉತ್ತರಕ್ಕೆ ಕಾಯುವುದು 600 ಸೆಕೆಂಡ್. ನಿಧಾನದ ಡಿಸ್ಕಿನಲ್ಲಿ ದೊಡ್ಡ ಕಂತು ಆ ಗಡುವನ್ನು ದಾಟಬಹುದು. ನೂರರಿಂದ ಇನ್ನೂರರ ಆಸುಪಾಸು ನನಗೆ ಹಿತವೆನಿಸಿದೆ. ಅದರಾಚೆ ಹೋದರೆ ಉಳಿತಾಯ ಅಲ್ಪ, ಅಪಾಯ ಹೆಚ್ಚು.

4. ಡಿಸ್ಕಿಗೆ ಭಾರವಾಗುವುದು ಬೈಟುಗಳಲ್ಲ

ಮೇಲ್‌ಡಿರ್ ಪದ್ಧತಿಯನ್ನು ಕೊಟ್ಟವರು ಕ್ಯೂಮೇಲ್ ಬರೆದ ಡೇನಿಯಲ್ ಬರ್ನ್‌ಸ್ಟೈನ್. ಪ್ರತಿ ಪತ್ರಕ್ಕೂ ಒಂದು ಫೈಲ್. ಮೊದಲು ‘ಟೆಂಪ್’ನಲ್ಲಿ ಬರೆದು, ಡಿಸ್ಕಿಗೆ ಇಳಿಯಿತು ಎಂದು ಖಚಿತವಾದ ಮೇಲೆ ‘ನ್ಯೂ’ಗೆ ಸರಿಸುವುದು. ಬೀಗದ ಗೊಡವೆಯಿಲ್ಲದ ಸೊಗಸಾದ ಏರ್ಪಾಡು. ಆದರೆ ‘ಡಿಸ್ಕಿಗೆ ಇಳಿಯಿತು’ ಎಂದು ಖಚಿತಪಡಿಸುವ ಎಫ್‌ಸಿಂಕ್ ಕರೆ ಇದೆಯಲ್ಲ, ಸಮಯ ನುಂಗುವುದು ಅದು. ನಿಮಿಷಕ್ಕೆ 7200 ಸುತ್ತಿನ ಡಿಸ್ಕ್ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಸುತ್ತಿಗೊಂದರಂತೆ ಖಚಿತಪಡಿಸಿದರೂ ಮೂವತ್ತು ಸಾವಿರಕ್ಕೆ ನಾಲ್ಕು ನಿಮಿಷಕ್ಕೂ ಹೆಚ್ಚು. ಒಂದು ಡೆಲಿವರಿಗೆ ಹೀಗೆ ಖಚಿತಪಡಿಸಬೇಕಾದದ್ದು ಒಂದಕ್ಕಿಂತ ಹೆಚ್ಚಿರುವುದರಿಂದ ನಿಜದ ಲೆಕ್ಕ ಇದರ ಕೆಲವು ಪಟ್ಟು. ಎಸ್‌ಎಸ್‌ಡಿ ಬಂದ ಮೇಲೆ ನೋವು ಕಡಿಮೆಯಾಗಿದೆ. ಮೇಲ್ ಸಂಗ್ರಹ ಎನ್‌ಎಫ್‌ಎಸ್ ಮೇಲಿದ್ದವರಿಗೆ ಆ ನೋವು ಈಗಲೂ ಗೊತ್ತು.

ಪ್ರತಿ ಫೈಲಿಗೂ ಒಂದರಂತೆ ಬೇಕಾಗುವ ಐನೋಡ್ ಇನ್ನೊಂದು ಮೋಸ. ಎಕ್ಸ್‌ಟಿ4 ತಾನಾಗಿ 16 ಕಿಲೋಬೈಟಿಗೆ ಒಂದು ಐನೋಡ್ ಇಡುತ್ತದೆ. ಚಿಕ್ಕ ಚಿಕ್ಕ ಪತ್ರಗಳು ತಲಾ 8 ಕಿಲೋಬೈಟ್ ಹಿಡಿದರೆ ಡಿಸ್ಕ್ ಅರ್ಧ ತುಂಬುವಷ್ಟರಲ್ಲಿ ಐನೋಡ್ ಖಾಲಿ. ‘ಜಾಗ ಇಲ್ಲ’ ಎಂಬ ದೂರು, ನೋಡಿದರೆ ಜಾಗ ಬೇಕಾದಷ್ಟು. ‘ಡಿಎಫ್ ಹೈಫನ್ ಐ’ ಕೊಟ್ಟು ನೋಡುವ ಅಭ್ಯಾಸ ಇಟ್ಟುಕೊಳ್ಳಿ.

ಎರಡಕ್ಕೂ ಪರಿಹಾರ ಹಾರ್ಡ್ ಲಿಂಕ್. ಒಂದೇ ಫೈಲಿಗೆ ನೂರು ಹೆಸರು, ನೂರು ಮೇಲ್‌ಬಾಕ್ಸಿನಲ್ಲಿ. ಸೈರಸ್ ಐಮ್ಯಾಪ್ ಎಲ್‌ಎಂಟಿಪಿಯ ಒಂದು ಕಂತಿನಲ್ಲಿ ಬಂದ ಎಲ್ಲರಿಗೂ ಹೀಗೆಯೇ ಲಿಂಕ್ ಹಾಕುತ್ತದೆ. ಮೂವತ್ತು ಸಾವಿರವನ್ನು 50ರ ಕಂತಿನಲ್ಲಿ ಕೊಟ್ಟರೆ 600 ಫೈಲ್, 200ರ ಕಂತಿನಲ್ಲಿ ಕೊಟ್ಟರೆ 150. ಇದು ನಡೆಯಬೇಕಾದರೆ ಕೆಲವು ಷರತ್ತುಗಳಿವೆ. ಮೇಲ್‌ಬಾಕ್ಸ್‌ಗಳೆಲ್ಲ ಒಂದೇ ಫೈಲ್ ಸಿಸ್ಟಮಿನಲ್ಲಿರಬೇಕು. ಫೈಲಿನ ಒಡೆತನ ಒಂದೇ ಯೂಸರ್ ಹೆಸರಲ್ಲಿರಬೇಕು, ಏಕೆಂದರೆ ಲಿಂಕ್ ಹಂಚಿಕೊಂಡವರು ಒಡೆತನವನ್ನೂ ಹಂಚಿಕೊಳ್ಳುತ್ತಾರೆ. ಮುಖ್ಯವಾಗಿ, ಪ್ರತಿಯೊಬ್ಬರ ಪ್ರತಿಯಲ್ಲೂ ಅವರವರ ವಿಳಾಸದ ‘ಡೆಲಿವರ್ಡ್ ಟು’ ಸಾಲು ಸೇರಿಸುವ ಉತ್ಸಾಹ ಬಿಡಬೇಕು. ಒಂದು ಬೈಟ್ ಬೇರೆಯಾದರೂ ಅದು ಬೇರೆ ಫೈಲು. ಬ್ಯಾಕಪ್ ತೆಗೆಯುವಾಗ ಆರ್‌ಸಿಂಕ್‌ಗೆ ದೊಡ್ಡ ಎಚ್ ಆಯ್ಕೆ ಕೊಡದಿದ್ದರೆ ಉಳಿಸಿದ ಜಾಗವೆಲ್ಲ ಬ್ಯಾಕಪ್ ಡಿಸ್ಕಿನಲ್ಲಿ ಮತ್ತೆ ಉಬ್ಬುತ್ತದೆ. ಬಳಕೆದಾರರ ಕೋಟಾದಲ್ಲಿ ಮಾತ್ರ ಪ್ರತಿಯೊಬ್ಬರಿಗೂ ಪೂರ್ತಿ ಗಾತ್ರವೇ ಎಣಿಕೆಯಾಗುತ್ತದೆ. ಅದನ್ನು ವಿವರಿಸಲು ಹೋಗಬೇಡಿ, ಯಾರಿಗೂ ಅರ್ಥವಾಗುವುದಿಲ್ಲ.

ಒಂದೇ ಪ್ರತಿಯನ್ನು ಹಂಚಿಕೊಳ್ಳುವುದೇ ಎಲ್ಲ ಕಾಲಕ್ಕೂ ಸರಿ ಎಂದು ನಾನು ಹೇಳುತ್ತಿಲ್ಲ. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಮೊದಲಿನಿಂದಲೂ ಈ ಸೌಲಭ್ಯ ಹೊಂದಿತ್ತು, 2010ರ ಆವೃತ್ತಿಯಲ್ಲಿ ಅದನ್ನೇ ಕೈಬಿಟ್ಟಿತು. ಡಿಸ್ಕಿನ ಜಾಗ ಅಗ್ಗವಾಗಿತ್ತು, ಓದು ಬರಹದ ವೇಗ ಅಷ್ಟು ಅಗ್ಗವಾಗಿರಲಿಲ್ಲ. ಒಬ್ಬರ ಮೇಲೆಲ್ಲ ಒಂದೆಡೆ ಸಾಲಾಗಿ ಇರಲಿ ಎಂದು ಅವರು ಆರಿಸಿಕೊಂಡರು. ಡೇಟಾಬೇಸಿನಲ್ಲಿ ಮೇಲ್ ಇಡುವವರಿಗೆ ಅದು ನ್ಯಾಯವಾದ ಲೆಕ್ಕ.

5. ಸ್ಕ್ಯಾನ್ ಮಾಡಿದ ಪಿಡಿಎಫ್

ನಮ್ಮ ಕಡೆಯ ಕಚೇರಿಗಳಿಗೇ ಸೇರಿದ ಕಾಯಿಲೆ ಇದು. ಸುತ್ತೋಲೆಯನ್ನು ಯೂನಿಕೋಡ್ ಅಲ್ಲದ ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡುತ್ತಾರೆ. ಅದನ್ನು ಮೇಲಿಗೆ ಅಂಟಿಸಿದರೆ ಗೀಚಿದಂತೆ ಕಾಣುತ್ತದೆ. ಹಾಗಾಗಿ ಪ್ರಿಂಟ್ ತೆಗೆದು, ಸಹಿ ಮೊಹರು ಹಾಕಿಸಿ, ಬಣ್ಣದಲ್ಲಿ ಸ್ಕ್ಯಾನ್ ಮಾಡಿ, 5 ಎಂಬಿಯ ಪಿಡಿಎಫ್ ಲಗತ್ತಿಸುತ್ತಾರೆ. ಲಗತ್ತು ಬೇಸ್64 ಆಗುವಾಗ ಮೂರನೇ ಒಂದು ಭಾಗಕ್ಕೂ ತುಸು ಹೆಚ್ಚು ಬೆಳೆಯುತ್ತದೆ, 6.8 ಎಂಬಿ ಎನ್ನಿ. ಮೂವತ್ತು ಸಾವಿರ ಪ್ರತಿಗೆ ಸುಮಾರು 200 ಜಿಬಿ. ಅದೇ ಸುತ್ತೋಲೆ ಯೂನಿಕೋಡ್ ಅಕ್ಷರಗಳಲ್ಲಿ ಇದ್ದಿದ್ದರೆ ಹತ್ತು ಹನ್ನೆರಡು ಕಿಲೋಬೈಟ್. ಎಲ್ಲ ಪ್ರತಿ ಸೇರಿ ಅರ್ಧ ಜಿಬಿಯೂ ಆಗುವುದಿಲ್ಲ. ಹುಡುಕಿದರೆ ಸಿಗುತ್ತದೆ, ಫೋನಿನಲ್ಲಿ ಓದಲು ಬರುತ್ತದೆ, ಕಣ್ಣು ಕಾಣದವರಿಗೆ ಸ್ಕ್ರೀನ್ ರೀಡರ್ ಓದಿ ಹೇಳುತ್ತದೆ. ಸಹಿ ಮೊಹರಿನ ಪ್ರತಿ ಬೇಕೇಬೇಕು ಎನ್ನುವವರಿಗಾಗಿ ಪಿಡಿಎಫ್ ಜಾಲತಾಣದಲ್ಲಿರಲಿ, ಮೇಲಿನಲ್ಲಿ ಕೊಂಡಿ ಸಾಕು.

ಕನ್ನಡ ಪಠ್ಯಕ್ಕೂ ಒಂದು ಕಿವಿಮಾತು. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ವಿದ್ಯಾರ್ಥಿ’ ಎಂಬುದರಲ್ಲಿ ಗುಣಿತ, ಒತ್ತು ಸೇರಿ ಹತ್ತು ಸಂಕೇತ, ಅಂದರೆ 30 ಬೈಟ್. ಬೇಸ್64ರಲ್ಲಿ ಅದು 40 ಆಗುತ್ತದೆ. ಇಂಗ್ಲಿಷಿಗೆಂದು ಹೊಂದಿಸಿದ ಎಷ್ಟೋ ತಂತ್ರಾಂಶಗಳು ಬಳಸುವ ಕೋಟೆಡ್ ಪ್ರಿಂಟಬಲ್‌ನಲ್ಲಿ 90. ಪಟ್ಟಿ ತಂತ್ರಾಂಶದಲ್ಲಿ ಈ ಒಂದು ಆಯ್ಕೆ ಬದಲಿಸಿದರೆ ಕನ್ನಡ ಪತ್ರದ ಗಾತ್ರ ಅರ್ಧಕ್ಕಿಂತ ಕೆಳಗಿಳಿಯುತ್ತದೆ.

6. ಸ್ಕ್ಯಾನರ್ ಒಮ್ಮೆ ನೋಡಿದರೆ ಸಾಕು

ಪಟ್ಟಿಯ ಹೆಸರು ಮೂವತ್ತು ಸಾವಿರ ವಿಳಾಸವಾಗಿ ಬಿಡಿಸಿಕೊಳ್ಳುವ ಮೊದಲು ವೈರಸ್, ಸ್ಪಾಮ್ ತಪಾಸಣೆ ಮುಗಿದಿರಬೇಕು. ಪೋಸ್ಟ್‌ಫಿಕ್ಸ್‌ನಲ್ಲಿ ಮಿಲ್ಟರ್ ಮೂಲಕ ಬಾಗಿಲಲ್ಲೇ ತಪಾಸಣೆ ಮಾಡಿದರೆ ಇದು ತಾನಾಗಿ ಆಗುತ್ತದೆ. ಕ್ಯೂ ನಂತರ ಅಮಾವಿಸ್‌ನಂಥದ್ದಕ್ಕೆ ಕಳಿಸುವವರು ಮೊದಲ ಪ್ರವೇಶದಲ್ಲಿ ‘ನೋ ಅಡ್ರೆಸ್ ಮ್ಯಾಪಿಂಗ್ಸ್’ ಕೊಟ್ಟು, ಅಲಿಯಾಸ್ ಬಿಡಿಸುವುದನ್ನು ಹಿಂದಿರುಗಿದ ಮೇಲಕ್ಕೆ ಮುಂದೂಡಬೇಕು. ಅತಿ ಕೆಟ್ಟ ಏರ್ಪಾಡೆಂದರೆ ಪ್ರತಿ ಬಳಕೆದಾರರ ಡೆಲಿವರಿಯ ಹೊತ್ತಿಗೆ ಸ್ಪಾಮ್ ತಪಾಸಣೆ ಓಡಿಸುವುದು. ನಾವೇ ಬರೆದ ರಜೆಯ ಸೂಚನೆ ಸ್ಪಾಮ್ ಹೌದೋ ಅಲ್ಲವೋ ಎಂದು ಮೂವತ್ತು ಸಾವಿರ ಸಲ ಯೋಚಿಸುವ ಯಂತ್ರವನ್ನು ಏನೆನ್ನಬೇಕು.

7. ಒಂದು ಕಾಫಿಯವರನ್ನು ಕಾಯಿಸಬೇಡಿ

ದರ್ಶಿನಿಯ ಕೌಂಟರಿನಲ್ಲಿ ಮುನ್ನೂರು ಪ್ಲೇಟ್ ಇಡ್ಲಿಯ ಪಾರ್ಸೆಲ್ ಕಟ್ಟುತ್ತಿರುವಾಗ ಒಂದು ಕಾಫಿ ಕೇಳಿದವರನ್ನು ಹಿಂದೆ ನಿಲ್ಲಿಸುವ ಮಾಲೀಕ ಬಹಳ ದಿನ ಅಂಗಡಿ ನಡೆಸಲಾರ. ಪೋಸ್ಟ್‌ಫಿಕ್ಸ್‌ನ ಕ್ಯೂ ಮ್ಯಾನೇಜರ್‌ಗೆ ಈ ವಿವೇಕವಿದೆ: ದೊಡ್ಡ ಪಟ್ಟಿ ಸಾಗುತ್ತಿರುವಾಗಲೇ ಒಬ್ಬಿಬ್ಬರಿಗೆ ಹೋಗುವ ಚಿಕ್ಕ ಮೇಲ್ ಮುಂದೆ ಹಾಯಲು ಬಿಡುತ್ತದೆ. ಆದರೆ ಆಕ್ಟಿವ್ ಕ್ಯೂನ ಮಿತಿ ತಾನಾಗಿ 20,000 ಮೇಲ್. ಮೂವತ್ತು ಸಾವಿರ ಬಿಡಿ ಪತ್ರಗಳು ಒಟ್ಟಿಗೆ ನುಗ್ಗಿದರೆ ಕಾಫಿಯವರಿಗೆ ಅಂಗಡಿಯೊಳಗೇ ಜಾಗವಿಲ್ಲ. ಒಂದೇ ಪತ್ರಕ್ಕೆ ಹಲವು ವಿಳಾಸ ಇರಲಿ ಎನ್ನುವುದಕ್ಕೆ ಇದೂ ಒಂದು ಕಾರಣ. ಬಿಡಿ ಪತ್ರಗಳೇ ಅನಿವಾರ್ಯವಾದಾಗ, ಪ್ರವೇಶಪತ್ರದ ದಿನಗಳಲ್ಲಿ, ಅವಕ್ಕೆ ಪ್ರತ್ಯೇಕ ಪೋಸ್ಟ್‌ಫಿಕ್ಸ್ ಇನ್‌ಸ್ಟನ್ಸ್ ಇಟ್ಟು ಅಲ್ಲಿಂದ ಹದವಾಗಿ ಬಿಡುವುದು ಉತ್ತಮ. ಕ್ಯೂ ಕಟ್ಟಿದಾಗ ಕ್ಯೂಶೇಪ್ ಎಂಬ ಉಪಕರಣ ಯಾವ ಡೊಮೈನಿನ ಎಷ್ಟು ಮೇಲ್ ಎಷ್ಟು ನಿಮಿಷದಿಂದ ಕಾಯುತ್ತಿದೆ ಎಂದು ಕೋಷ್ಟಕವಾಗಿ ತೋರಿಸುತ್ತದೆ. ಹೊರಗಿನ ಡೊಮೈನ್‌ಗಳೇ ಸಾಲುಗಟ್ಟಿದ್ದರೆ, ನಮ್ಮ ಮೇಲನ್ನು ಸ್ವಂತ ಜಿಮೇಲಿಗೆ ಫಾರ್ವರ್ಡ್ ಮಾಡಿಕೊಂಡವರ ದಂಡು ಅದು.

8. ಪಟ್ಟಿಗೊಬ್ಬ ಯಜಮಾನ

ವರ್ಚುವಲ್ ಅಲಿಯಾಸ್‌ನಲ್ಲಿ ಒಂದು ಹೆಸರು ಬಿಡಿಸಿಕೊಳ್ಳುವ ಮಿತಿ ತಾನಾಗಿ 1000. ದೊಡ್ಡ ಪಟ್ಟಿಯನ್ನು ಅಲ್ಲಿಟ್ಟರೆ ಮೇಲ್ ಮುಂದೆ ಹೋಗುವುದಿಲ್ಲ. ಆ ಮಿತಿ ಏರಿಸುವ ಬದಲು ಪಟ್ಟಿಯನ್ನು ಮೇಲ್‌ಮ್ಯಾನ್‌ನಂಥ ತಂತ್ರಾಂಶಕ್ಕೆ ಒಪ್ಪಿಸಿ, ಯಾರು ಕಳಿಸಬಹುದು ಎಂಬುದನ್ನು ಎರಡು ಮೂರು ವಿಳಾಸಗಳಿಗೆ ಬಿಗಿಮಾಡಿ. ಬೌನ್ಸುಗಳು ಕುಲಸಚಿವರಿಗೆ ಹೋಗದೆ ಪಟ್ಟಿಯ ಯಜಮಾನರಿಗೆ ಬರುವಂತೆ ಲಕೋಟೆಯ ವಿಳಾಸ ಇಡಿ. ಓದು ಮುಗಿಸಿ ಹೋದವರ ಖಾತೆಗಳನ್ನು ವರ್ಷಕ್ಕೊಮ್ಮೆಯಾದರೂ ಪಟ್ಟಿಯಿಂದ ಕೀಳಬೇಕು. ತುಂಬಿದ ಮೇಲ್‌ಬಾಕ್ಸಿಗೆ ‘ಆಮೇಲೆ ಬಾ’ ಎಂಬ ತಾತ್ಕಾಲಿಕ ಉತ್ತರ ಕೊಟ್ಟರೆ ಪೋಸ್ಟ್‌ಫಿಕ್ಸ್ ಐದು ದಿನ ಬಾಗಿಲು ತಟ್ಟುತ್ತಲೇ ಇರುತ್ತದೆ. ರಾಶಿ ಮೇಲಿಗಾದರೂ ಖಾಯಂ ನಿರಾಕರಣೆಯೇ ಮೇಲು.

ಕಳಿಸುವವರನ್ನು ಬಿಗಿಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ. 1997ರಲ್ಲಿ ಮೈಕ್ರೋಸಾಫ್ಟಿನ ಒಳಗೇ ‘ಬೆಡ್‌ಲ್ಯಾಮ್ ಡಿಎಲ್3’ ಎಂಬ ಪಟ್ಟಿಗೆ ಯಾರೋ ‘ನನ್ನನ್ನು ಇದರಿಂದ ತೆಗೆಯಿರಿ’ ಎಂದು ಎಲ್ಲರಿಗೂ ಉತ್ತರಿಸಿದರು. ‘ನನ್ನನ್ನೂ’ ಎಂದು ಉಳಿದವರು ಸೇರಿಕೊಂಡು ಕಂಪನಿಯ ಮೇಲ್ ವ್ಯವಸ್ಥೆಯೇ ಕುಸಿಯಿತು. 2016ರ ನವೆಂಬರಿನಲ್ಲಿ ಇಂಗ್ಲೆಂಡಿನ ಎನ್‌ಎಚ್‌ಎಸ್‌ನಲ್ಲಿ ಒಂದು ಪರೀಕ್ಷಾರ್ಥ ಮೇಲ್ ಸುಮಾರು 8.4 ಲಕ್ಷ ಸಿಬ್ಬಂದಿಯ ಪಟ್ಟಿಗೆ ಹೋಗಿ ಇದೇ ಕಥೆ ಮರುಕಳಿಸಿತು. ಮೊದಲ ಮೇಲ್ ತಲುಪಿಸುವುದನ್ನು ಎಷ್ಟು ಚೆನ್ನಾಗಿ ಹೊಂದಿಸಿದ್ದರೂ ನೂರು ರಿಪ್ಲೈ ಆಲ್‌ಗಳ ಮುಂದೆ ಅದು ನಿಲ್ಲುವುದಿಲ್ಲ.

9. ರಜೆಯಲ್ಲಿರುವವರ ಉತ್ತರ

ಸುತ್ತೋಲೆ ಮುಟ್ಟಿದೊಡನೆ ‘ನಾನು ರಜೆಯಲ್ಲಿದ್ದೇನೆ’ ಎಂದು ಮೇಲ್‌ಬಾಕ್ಸ್‌ಗಳಿಂದ ತಾವಾಗಿ ಹೊರಡುವ ಉತ್ತರಗಳನ್ನು ತಡೆಯಲು ‘ಲಿಸ್ಟ್ ಐಡಿ’, ‘ಪ್ರಿಸಿಡೆನ್ಸ್ ಬಲ್ಕ್’ ಹೆಡರುಗಳನ್ನು ಹಾಕಿ. ಇಂಥ ಉತ್ತರ ಕೊಡುವ ಸೀವ್ ಫಿಲ್ಟರಿನ ‘ವೆಕೇಷನ್’, ಟು ಅಥವಾ ಸಿಸಿಯಲ್ಲಿ ತನ್ನ ಯಜಮಾನರ ವಿಳಾಸ ಕಾಣದಿದ್ದರೆ ಉತ್ತರಿಸುವುದಿಲ್ಲ. ಟು ಸಾಲಿನಲ್ಲಿ ಪಟ್ಟಿಯ ಹೆಸರೊಂದೇ ಇಡಲು ಇನ್ನೊಂದು ಕಾರಣ ಸಿಕ್ಕಿತು.

10. ತಲುಪಿಸದೆಯೂ ತಲುಪಿಸಬಹುದು

ಐಮ್ಯಾಪ್‌ನಲ್ಲಿ ಎಲ್ಲರಿಗೂ ಕಾಣುವ ಒಂದು ಸಾರ್ವಜನಿಕ ಫೋಲ್ಡರ್ ಮಾಡಿ, ಸುತ್ತೋಲೆಯ ಒಂದೇ ಪ್ರತಿಯನ್ನು ಅಲ್ಲಿಡಬಹುದು. ಓದಿದೆನೋ ಇಲ್ಲವೋ ಎಂಬ ಗುರುತನ್ನು ಡವ್‌ಕಾಟ್ ಒಬ್ಬೊಬ್ಬರಿಗೂ ಬೇರೆಯಾಗಿ ಇಟ್ಟುಕೊಳ್ಳುವಂತೆ ಮಾಡಲೂ ಬರುತ್ತದೆ. ಎಂಜಿನಿಯರನ ಕಣ್ಣಿಗೆ ಇದಕ್ಕಿಂತ ಚೆಂದದ ಉಪಾಯವಿಲ್ಲ. ವ್ಯವಹಾರದಲ್ಲಿ ಸೋಲುತ್ತದೆ, ಏಕೆಂದರೆ ಫೋನು ಟಿಂಗ್ ಎನ್ನುವುದು ಇನ್‌ಬಾಕ್ಸಿಗೆ ಮಾತ್ರ. ವೆಬ್‌ಮೇಲ್ ಒಂದನ್ನೇ ಬಳಸುವ ಕಚೇರಿ ಸಿಬ್ಬಂದಿಗೆ, ಹಳೆಯ ಆದೇಶಗಳ ಸಂಗ್ರಹಕ್ಕೆ ಇದು ಚೆನ್ನ. ವಿದ್ಯಾರ್ಥಿಗಳಿಗೆ ಬೇಡ.

11. ಫೈಲನ್ನು ನೇರ ಇಟ್ಟುಬಿಡುವ ಚಪಲ

ಮೇಲ್‌ಡಿರ್ ಅಂದರೆ ಬರೀ ಫೈಲಲ್ಲವೇ, ಒಂದು ಪತ್ರ ಬರೆದು ಎಲ್ಲರ ‘ನ್ಯೂ’ ಫೋಲ್ಡರಿಗೆ ಲಿಂಕ್ ಹಾಕುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಯಾಕಾಗಬಾರದು ಎಂದು ಪ್ರತಿ ಹೊಸ ಅಡ್ಮಿನ್ ಕೇಳುತ್ತಾರೆ. ಆಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಆಗುತ್ತದೆ. ಆದರೆ ಕ್ಯೂ, ಲಾಗ್, ಸೀವ್ ಫಿಲ್ಟರ್, ಕೋಟಾ ಎಲ್ಲವನ್ನೂ ದಾಟಿ ಹೋಗಿರುತ್ತದೆ. ನನಗೆ ಬರಲೇ ಇಲ್ಲ ಎಂದು ಒಬ್ಬರು ದೂರಿದರೆ ತೋರಿಸಲು ಒಂದು ಸಾಲಿನ ಪುರಾವೆಯೂ ಇರುವುದಿಲ್ಲ. ಎಕ್ಸ್‌ಟಿ4ನಲ್ಲಿ ಒಂದು ಫೈಲಿಗೆ 65,000 ಲಿಂಕ್ ಮಾತ್ರ. ದೊಡ್ಡ ಸಂಸ್ಥೆಯಲ್ಲಿ ಕೊನೆಯ ಕೆಲವು ಸಾವಿರ ಜನ ಬಿಟ್ಟುಹೋಗುತ್ತಾರೆ. ‘ಸರ್ವರ್ ಇಂದು ರಾತ್ರಿ ನಿಲ್ಲುತ್ತದೆ’ ಎಂಬಂಥ ತುರ್ತು ಸೂಚನೆಗೆ ಬಳಸಬಹುದು. ಪರೀಕ್ಷಾ ಶುಲ್ಕದ ಕೊನೆಯ ದಿನಾಂಕಕ್ಕಲ್ಲ.

12. ನಾಲ್ಕು ಅಂಕಿ ಓದಿ, ಆಮೇಲೆ ಸೆಟ್ಟಿಂಗ್ ಮುಟ್ಟಿ

ಪೋಸ್ಟ್‌ಫಿಕ್ಸ್ ಪ್ರತಿ ಡೆಲಿವರಿಗೂ ಲಾಗಿನಲ್ಲಿ ‘ಡಿಲೇಸ್’ ಎಂದು ನಾಲ್ಕು ಅಂಕಿ ಬರೆಯುತ್ತದೆ. ಕ್ಯೂ ಮ್ಯಾನೇಜರ್ ಕೈಗೆ ಬರುವ ಮುಂಚಿನ ಹೊತ್ತು, ಅದರ ಕೈಯಲ್ಲಿ ಕಾದ ಹೊತ್ತು, ಕನೆಕ್ಷನ್ ಕೂಡಿಸಿದ ಹೊತ್ತು, ಪತ್ರ ಸಾಗಿಸಿದ ಹೊತ್ತು. ಸುತ್ತೋಲೆಯ ದಿನ ಎರಡನೆಯದು ಬೆಳೆದು ನಾಲ್ಕನೆಯದು ಚಿಕ್ಕದಾಗಿಯೇ ಇದ್ದರೆ ಡಿಸ್ಕ್ ಬಿಡುವಾಗಿದೆ, ಕಂತಿನ ಗಾತ್ರವನ್ನೋ ಏಕಕಾಲದ ಕನೆಕ್ಷನ್‌ಗಳನ್ನೋ ಏರಿಸಬಹುದು. ಮೂರನೆಯದು ಬೆಳೆದರೆ ಎಲ್‌ಎಂಟಿಪಿ ಪ್ರೊಸೆಸ್‌ಗಳು ಸಾಲದಾಗಿವೆ. ನಾಲ್ಕನೆಯದು ಬೆಳೆಯುತ್ತಿದ್ದರೆ ಡಿಸ್ಕೋ, ಬಳಕೆದಾರರನ್ನು ಹುಡುಕಿಕೊಡುವ ಎಲ್‌ಡ್ಯಾಪೋ ಉಸಿರುಗಟ್ಟಿದೆ. ಎಲ್‌ಡ್ಯಾಪ್ ಆದರೆ ಡವ್‌ಕಾಟ್‌ನ ಆಥ್ ಕ್ಯಾಶ್ ತೆರೆಯಿರಿ, ಡಿಸ್ಕ್ ಆದರೆ ಕನೆಕ್ಷನ್‌ಗಳನ್ನು ಇಳಿಸಿ. ಇಪ್ಪತ್ತರಿಂದ ಎಂಟಕ್ಕೆ ಇಳಿಸಿದಾಗ ಒಟ್ಟು ಸಮಯ ಕಡಿಮೆಯಾದದ್ದನ್ನು ಕಂಡಿದ್ದೇನೆ. ಪಕ್ಕದಲ್ಲಿ ಕೂತವರಿಗೆ ಲಾಗ್ ತೋರಿಸುವವರೆಗೂ ಅದನ್ನು ನಂಬಿಸಲಾಗಲಿಲ್ಲ.